ದಾರಕ್ಕೆ ಕಟ್ಟಿದ ಬಳೆಗಳು

"ಅಜ್ಜಾರ, ಹುಡುಗರು ನನ್ನ ಕೈಗೆ ಪಳಗ್ಯಾರ. ಆದರೂ ಅವರಿಗೆ ಸೌಮ್ಯ ಗುಣ ಯಾಕ ಬರವಲ್ಲದು?"

ನಮ್ಮೂರ ಮಠದಲ್ಲಿ ಒಬ್ಬ ಶಿಷ್ಯ ತನ್ನ ಗುರುವನ್ನು ಹೀಗೆ ಕೇಳಿದನಂತೆ. ನಮ್ಮ ಕಡೆ ಮಠದ ಸ್ವಾಮಿಗಳನ್ನು ಅಜ್ಜಾರು ಎಂದೇ ಕರೆಯುವುದು. ಆ ಪ್ರಶ್ನೆ ಹುಟ್ಟಿದ್ದು ಒಂದು ಇಂಗ್ಲಿಷ್ ಪದದಿಂದ. ಮೊದಲು ಪದವನ್ನು ಬರೆದು ಆಮೇಲೆ ಕತೆ ಹೇಳೋಣವೆಂದು ಕೂತರೆ ಪದವೇ ನಾಲಿಗೆಗೆ ಬರುತ್ತಿಲ್ಲ. ಮ್ಯಾನ್ ಎಂದು ಶುರುವಾಗುತ್ತದೆ. ಮ್ಯಾನ್ಸು... ಮ್ಯಾನ್ಸ್ವಿ... ಕೊನೆಗೆ ಟ್ಯೂಡ್ ಎಂದೇನೋ ಇದೆ. ನಡುವಿನದು ಜಾರಿಹೋಗಿದೆ. ನಮ್ಮ ಅವ್ವ ಅದನ್ನು ಮಾನಸೂಟಿ ಎನ್ನುತ್ತಿದ್ದಳು. ಮಠಕ್ಕೆ ಮೊಸರು ಕೊಡಲು ಹೋದಾಗ ಕಂಬದ ಪಕ್ಕದಲ್ಲಿ ಕೂತು ಈ ಕತೆಯನ್ನು ಕೇಳಿ ಬಂದವಳು ಅವಳು. ನಮಗೆ ಹೇಳಿದವಳೂ ಅವಳೇ.

ನಾನು ಮದುವೆಯಾಗಿ ಭಿಲಾಯಿಗೆ ಬಂದು ಇಲ್ಲಿಯೇ ಮುದುಕಿಯಾದೆ. ಆ ಕತೆ ಕೇಳಿದವರು ಇಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಸಂಜೆ ಮೊಮ್ಮಗಳು ವಿನುತಾ ಬಂದರೆ ಪದವನ್ನು ಹುಡುಕಿ ಕೊಟ್ಟಾಳು. ಅಲ್ಲಿಯವರೆಗೆ ಇಲ್ಲಿ ಒಂದು ಪದದಷ್ಟು ಜಾಗ ಬಿಡುತ್ತೇನೆ. ಕತೆಯಂತೂ ಪೂರ್ತಿ ನೆನಪಿದೆ.

ಶಿಷ್ಯನ ಹೆಸರು ಗುರುಪಾದಯ್ಯ. ಧಾರವಾಡದಲ್ಲಿ ಕಾಲೇಜು ಓದಿ ಬಂದವನು. ಮಠದ ಶಾಲೆಯಲ್ಲಿ ಸಣ್ಣ ಹುಡುಗರಿಗೆ ಪಾಠ ಹೇಳುತ್ತಿದ್ದ. ಕೆಟ್ಟವನಲ್ಲ. ಬೆಳಗಿನಿಂದ ಸಂಜೆಯವರೆಗೆ ಹುಡುಗರಿಗಾಗಿಯೇ ದುಡಿಯುತ್ತಿದ್ದ. ಆದರೆ ಅವನ ಒಂದು ಕೈಯಲ್ಲಿ ಪುಸ್ತಕವಿದ್ದರೆ ಇನ್ನೊಂದು ಕೈಯಲ್ಲಿ ಹುಣಸೆ ಮರದ ಛಡಿ ಇರುತ್ತಿತ್ತು. ಛಡಿ ಮುರಿದರೆ ಹುಡುಗರೇ ಮರ ಹತ್ತಿ ಹೊಸದನ್ನು ಕಡಿದು ತರಬೇಕಾಗಿತ್ತು.

ಅವನು ಒಳಗಿರುವ ತನಕ ಹುಡುಗರು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಅವನು ಹೊಸ್ತಿಲು ದಾಟಿದ ಕೂಡಲೇ ದೊಡ್ಡವನು ಚಿಕ್ಕವನನ್ನು ಹೊಡೆಯುತ್ತಿದ್ದ. ಚಿಕ್ಕವನು ಹೋಗಿ ಮಠದ ಬೆಕ್ಕನ್ನು ಹೊಡೆಯುತ್ತಿದ್ದ. ಹಿಂದಿನ ವಾರವಷ್ಟೇ ಎಲ್ಲರಿಗಿಂತ ಸಣ್ಣ ಹುಡುಗನೊಬ್ಬ ಮಠ ಬಿಟ್ಟು ಓಡಿಹೋಗಿದ್ದ. ಕರೆತರಲು ಹೋದವರನ್ನು ಕಂಡು ತಾಯಿಯ ಸೆರಗಿನ ಹಿಂದೆ ಅಡಗಿಕೊಂಡನಂತೆ. ಗುರುಪಾದಯ್ಯ ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ಆದರೆ ಅವನ ಊಟ ಕಡಿಮೆಯಾಗಿತ್ತು.

ಅಂಥ ದಿನಗಳಲ್ಲಿ ಅವನಿಗೆ ಒಂದು ದಪ್ಪ ಇಂಗ್ಲಿಷ್ ನಿಘಂಟಿನಲ್ಲಿ ಆ ಪದ ಸಿಕ್ಕಿತು. ಹಳೆಯ ಪದ. ಈಗ ಹೆಚ್ಚು ಮಂದಿ ಬಳಸುವುದಿಲ್ಲವಂತೆ. ಸೌಮ್ಯತೆ, ಮೃದುತನ, ಸಾಧುತನ ಎಂದು ಅರ್ಥ ಕೊಟ್ಟಿತ್ತು. ಅದರ ಕೆಳಗೆ ಪದದ ಹುಟ್ಟನ್ನೂ ಬರೆದಿತ್ತು. ಲ್ಯಾಟಿನ್ ಭಾಷೆಯಲ್ಲಿ ಕೈ ಎನ್ನುವ ಮಾತು ಒಂದು, ರೂಢಿಯಾಗುವುದು ಎನ್ನುವ ಮಾತು ಒಂದು. ಎರಡೂ ಕೂಡಿ ಆದ ಪದ ಅದು. ಕೈಗೆ ರೂಢಿಯಾದದ್ದು ಎಂದು ಅದರ ಮೂಲ. ಪಳಗಿದ ಪ್ರಾಣಿಗೆ ಹೇಳುತ್ತಿದ್ದ ಮಾತು ಮನುಷ್ಯರ ಒಂದು ಒಳ್ಳೆಯ ಗುಣಕ್ಕೂ ಹೆಸರಾಯಿತು.

ಗುರುಪಾದಯ್ಯ ನಿಘಂಟನ್ನು ಎತ್ತಿಕೊಂಡು ಅಜ್ಜಾರ ಮುಂದೆ ಬಂದು ಕೂತ. ಮೊದಲು, ನಾನು ಮೇಲೆ ಬರೆದ ಪ್ರಶ್ನೆಯನ್ನು ಕೇಳಿದ. ಆಮೇಲೆ ಪದವನ್ನು ಓದಿ ಅರ್ಥ ಹೇಳಿದ.

"ನೋಡ್ರಿ, ಕೈಗೆ ರೂಢಿ ಆದದ್ದ ಸೌಮ್ಯ ಗುಣ ಅಂತ ಇದರಾಗ ಐತಿ. ನನ್ನ ಹುಡುಗರು ನನ್ನ ಕೈಗೆ ಚಲೋತ್ನಂಗ ರೂಢಿ ಆಗ್ಯಾರ. ನಾ ಕೈ ಎತ್ತಿದರ ಸಾಕು, ತಲಿ ತಾವ ಬಗ್ಗತಾವ. ಆದರ ಆ ಗುಣ ಮಾತ್ರ ಎಲ್ಲೂ ಕಾಣವಲ್ಲದು. ಈ ಪುಸ್ತಕದವರು ಸುಳ್ಳು ಬರದಾರೇನ್ರಿ?"

"ಮತ್ತೇನು ಬರದಾರ ಅದರಾಗ?" ಎಂದರು ಅಜ್ಜಾರು.

"ಮ್ಯಾಸ್ಟಿಫ್ ಅಂತ ಒಂದು ಜಾತಿ ದೊಡ್ಡ ಕಾವಲು ನಾಯಿ ಐತಂತ್ರಿ. ಅದರ ಹೆಸರೂ ಇದ ಬೇರಿಂದ ಬಂದದ್ದಂತ."

"ಹಂಗಾದರ ನಿನ್ನ ಹುಡುಗರಿಗಿಂತ ಆ ನಾಯಿನ ಮುಂದ ಹೋತು ಬಿಡು."

ಕೂತಿದ್ದವರೆಲ್ಲ ನಕ್ಕರು. ಗುರುಪಾದಯ್ಯ ನಗಲಿಲ್ಲ. ಅಜ್ಜಾರು ಅವನ ಮುಖ ನೋಡಿ ತಾವೂ ನಗುವುದನ್ನು ನಿಲ್ಲಿಸಿದರು. ಅವನ ಮಗ್ಗುಲಲ್ಲಿದ್ದ ಛಡಿಯ ಕಡೆ ಅವರು ನೋಡಲೇ ಇಲ್ಲ. ಕತೆ ಶುರುಮಾಡಿದರು.

ಒಂದು ಊರಲ್ಲಿ ಒಬ್ಬ ರೈತನಿದ್ದ. ಅವನ ಮನೆಯಲ್ಲಿ ಎರಡು ಎತ್ತು, ಒಂದು ಎಮ್ಮೆ. ಎತ್ತು ಗಂಡನವು, ಎಮ್ಮೆ ಹೆಂಡತಿಯದು ಎಂಬುದು ಆ ಮನೆಯ ಪದ್ಧತಿ. ಎತ್ತುಗಳ ಹತ್ತಿರ ಅವಳು ಹೋಗುತ್ತಿರಲಿಲ್ಲ. ಎಮ್ಮೆಯ ಹತ್ತಿರ ಅವನು ಹೋಗುತ್ತಿರಲಿಲ್ಲ. ಅದು ಹಗ್ಗ ಬಿಚ್ಚಿಕೊಂಡು ಬೆಳೆಗೆ ನುಗ್ಗಿದಾಗ ಮಾತ್ರ ಬಾರುಕೋಲು ಹಿಡಿದು ಹೋಗುತ್ತಿದ್ದ. ಬಾರುಕೋಲು ಎಂದರೆ ಎತ್ತು ಹೊಡೆಯುವ ಚಾವಟಿ. ಅವನು ಸಿಟ್ಟಿನ ಮನುಷ್ಯನೇನಲ್ಲ. ಊರ ಮಂದಿ ದನಕ್ಕೆ ಹೇಗೆ ಹೊಡೆಯುತ್ತಿದ್ದರೋ ಹಾಗೆ ಅವನೂ ಹೊಡೆಯುತ್ತಿದ್ದ.

ಎಮ್ಮೆಯನ್ನು ಹೆಂಡತಿ ಕರುವಿನಿಂದ ಸಾಕಿದ್ದಳು. ಹಾಲು ಹಿಂಡುವ ಮೊದಲು ಅದರ ಬೆನ್ನ ಮೇಲೆ ಕೈ ಇಡುತ್ತಿದ್ದಳು. ಬೆನ್ನಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಕೆಚ್ಚಲಿಗೆ ಕೈ ಇಳಿಯುತ್ತಿತ್ತು. ಕೈ ಕೆಚ್ಚಲು ಮುಟ್ಟುವ ಹೊತ್ತಿಗೆ ಎಮ್ಮೆ ಸೊರ ಬಿಟ್ಟಿರುತ್ತಿತ್ತು, ಹಾಲು ತಾನಾಗಿ ಮೊಲೆಗೆ ಇಳಿದಿರುತ್ತಿತ್ತು. ಆ ವರ್ಷ ಎಮ್ಮೆಯ ಕರು ಸತ್ತಿತು. ಕರು ಸತ್ತ ಎಮ್ಮೆ ಹಾಲು ಕೊಡುವುದು ಕಷ್ಟ. ಈ ಎಮ್ಮೆ ಕೊಟ್ಟಿತು. ಅವಳೊಬ್ಬಳಿಗೆ ಮಾತ್ರ ಕೊಟ್ಟಿತು.

ಅದೇ ವರ್ಷ ಹೆಂಡತಿ ಒಂದು ಹೆಣ್ಣು ಕೂಸನ್ನು ಹೆತ್ತಳು. ಕೂಸು ಬೋರಲು ಬೀಳುವುದನ್ನು ಕಲಿಯುವ ಹೊತ್ತಿಗೆ ಹೆತ್ತವಳು ಜ್ವರ ಬಂದು ತೀರಿಕೊಂಡಳು.

ಮನೆಯಲ್ಲಿ ಉಳಿದದ್ದು ರೈತ, ಅವನ ಮುದಿ ತಾಯಿ, ಕೂಸು. ತಾಯಿಯ ಬೆರಳುಗಳು ವಾತದಿಂದ ಸೊಟ್ಟಗಾಗಿದ್ದವು. ಒಳಲೆಯಿಂದ ಕೂಸಿನ ಬಾಯಿಗೆ ಹಾಲು ಹಾಕಬಲ್ಲಳು. ಹಿಂಡಲು ಬರುತ್ತಿರಲಿಲ್ಲ, ಕೂಸನ್ನು ಎತ್ತಿಕೊಳ್ಳಲೂ ಬರುತ್ತಿರಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಕೂಸು ಅತ್ತಿತು. ರೈತ ಚರಿಗೆ ಹಿಡಿದು ಎಮ್ಮೆಯ ಹತ್ತಿರ ಕೂತ. ಎಮ್ಮೆ ಒದೆಯಿತು. ಚರಿಗೆ ಗೋಡೆಗೆ ಬಡಿದು ನೆಗ್ಗಿತು. ಮರುದಿನ ಹಿಂಗಾಲು ಕಟ್ಟಿ ಕೂತ. ಎಮ್ಮೆಗೆ ಒದೆಯಲು ಆಗಲಿಲ್ಲ. ಆದರೆ ಹಾಲನ್ನೆಲ್ಲ ಮೇಲಕ್ಕೆ ಏರಿಸಿಕೊಂಡು ನಿಂತಿತು. ಎಷ್ಟು ಹಿಂಡಿದರೂ ಚರಿಗೆಯ ತಳ ಮುಚ್ಚಲಿಲ್ಲ.

ಪಕ್ಕದ ಮನೆಯ ಹೆಂಗಸು ಒಳ್ಳೆಯವಳು. "ನಾ ಹಿಂಡತೀನಿ ಸರಿ" ಎಂದು ಬಂದು ಕೂತಳು. ಎಮ್ಮೆ ಅವಳನ್ನೂ ಒದೆಯಿತು. ಅವಳು ಮೊಣಕಾಲು ಉಜ್ಜಿಕೊಳ್ಳುತ್ತ ಎದ್ದಳು. ತನ್ನ ಎಮ್ಮೆಯ ಹಾಲನ್ನೇ ಕೂಸಿಗೆ ಕಳಿಸತೊಡಗಿದಳು. ಆದರೆ ಅವಳ ಎಮ್ಮೆ ಗಬ್ಬವಾಗಿತ್ತು. ದಿನದಿನಕ್ಕೆ ಹಾಲು ಇಳಿಯುತ್ತಿತ್ತು. ಬೇಸಿಗೆಯಾದ್ದರಿಂದ ಊರಿನ ಉಳಿದ ಎಮ್ಮೆಗಳೂ ಬತ್ತಿದ್ದವು. ಆಕಳ ಹಾಲು ಕುಡಿಸಿದರೆ ಕೂಸು ಕಕ್ಕುತ್ತಿತ್ತು. ರೈತ ಎಮ್ಮೆಯನ್ನು ಬದಲಿಸಿಕೊಳ್ಳಲು ದಲಾಲಿಯನ್ನು ಕರೆಸಿದ. ದಲಾಲಿ ದೂರದಿಂದಲೇ ನೋಡಿ, "ಕರು ಇಲ್ಲ, ಕೈ ಸೇರೂದಿಲ್ಲ. ಇದನ್ನ ಒಯ್ದು ನಾನೇನು ಪೂಜಿ ಮಾಡ್ಲ್ಯಾ?" ಎಂದು ಹೋದ.

ಪಕ್ಕದ ಮನೆಯವಳಿಗೆ ಆಗ ಒಂದು ಉಪಾಯ ಹೊಳೆಯಿತು.

"ಆಕಿ ಸೀರಿ ಉಟ್ಕೊಂಡು ಹೋಗೋ ತಮ್ಮಾ. ನಾ ತವರಿಗೆ ಹೋದಾಗ ನಮ್ಮನಿಯವರು ಹಂಗ ಹಿಂಡತಾರ."

"ಮಂದಿ ನಗತಾರಲ್ಲ ಅಕ್ಕಾ."

"ಮಂದಿ ಸಲುವಾಗಿ ಹಿಂಡಾಕ ಹೊಂಟೀಯೇನು? ಕೂಸಿನ ಸಲುವಾಗಿ ಹೊಂಟೀದಿ."

ಇದು ನಮ್ಮ ಕಡೆ ಹಳೆಯ ಪದ್ಧತಿ. ಮನೆಯ ಹೆಂಗಸು ಊರಿಗೆ ಹೋದರೆ ಅವಳ ಸೀರೆ ಸುತ್ತಿಕೊಂಡು ಬೇರೆಯವರು ಎಮ್ಮೆ ಹಿಂಡುತ್ತಾರೆ. ಸೀರೆಯ ವಾಸನೆಗೆ ಎಮ್ಮೆ ಸುಮ್ಮನಾಗುತ್ತದೆ. ರೈತನಿಗೂ ಇದು ಗೊತ್ತಿತ್ತು. ಆದರೆ ಊರಿಗೆ ಹೋದವಳ ಸೀರೆ ಉಡುವುದು ಬೇರೆ, ಸತ್ತವಳ ಸೀರೆ ಉಡುವುದು ಬೇರೆ. ಅವನು ಒಂದು ದಿನ ತಡೆದ. ಮರುದಿನ ಕೂಸಿನ ಅಳು ಕೇಳಲಾರದೆ ಗಳದ ಮೇಲಿದ್ದ ಸೀರೆಯನ್ನು ಇಳಿಸಿಕೊಂಡ. ಅವಳು ಉಟ್ಟು ಬಿಟ್ಟದ್ದು, ಇನ್ನೂ ಒಗೆದಿರಲಿಲ್ಲ.

ಧೋತರದ ಮೇಲೆಯೇ ಸೀರೆ ಸುತ್ತಿಕೊಂಡ. ತಲೆಯ ಮೇಲೆ ಸೆರಗು ಹೊದ್ದ. ಗೋಡೆಯ ಗೂಟದಲ್ಲಿ ಅವಳ ಹಸಿರು ಬಳೆಗಳು ಜೋತುಬಿದ್ದಿದ್ದವು. ಎಮ್ಮೆ ಅವಳ ಬಳೆಯ ಸದ್ದು ಕೇಳಿಯೇ ಕಿವಿ ನಿಮಿರಿಸುತ್ತಿದ್ದುದನ್ನು ಅವನು ನೋಡಿದ್ದ. ಬಳೆ ತೊಡಲು ಹೋದ. ಅವನ ಕೈಗೆ ಅವು ಏರಲಿಲ್ಲ. ಒಂದು ಒಡೆಯಿತು. ಉಳಿದವನ್ನು ದಾರಕ್ಕೆ ಪೋಣಿಸಿ ಮುಂಗೈಗೆ ಕಟ್ಟಿಕೊಂಡ.

ಹಿತ್ತಲಿಗೆ ಬರುವುದನ್ನು ಗೋಡೆಯಾಚೆಯಿಂದ ಒಬ್ಬ ನೋಡಿದ.

"ಏನವಾ, ಯಾವೂರಾಕಿ ನೀ? ಮೀಸಿ ಬಾಳ ಚೆಂದ ಬಂದಾವಲ್ಲ!"

"ನಿಮ್ಮನಿಗೆ ಸೊಸಿ ಬೇಕಾಗಿದ್ದರ ಹೇಳು" ಎಂದ ರೈತ, ಅವನ ಕಡೆ ತಿರುಗದೆ.

ಎಮ್ಮೆ ಬಳೆಯ ಸದ್ದು ಕೇಳಿತು. ಕತ್ತು ತಿರುಗಿಸಿ ಸೆರಗನ್ನು ಮೂಸಿತು. ಸಣ್ಣಗೆ ಕೂಗಿತು. ಎಷ್ಟೋ ದಿನದಿಂದ ಅದು ಹಾಗೆ ಕೂಗಿರಲಿಲ್ಲ. ಮೊಲೆಗಳು ತುಂಬಿಕೊಂಡವು. ಒಂದು ಹನಿ ತಾನಾಗಿ ನೆಲಕ್ಕೆ ಬಿತ್ತು. ರೈತನ ಎದೆ ಹಿಗ್ಗಿತು. ಅವಸರದಿಂದ ಚರಿಗೆ ಇಟ್ಟು ಕುಕ್ಕರುಗಾಲಲ್ಲಿ ಕೂತ. ನೇಗಿಲ ಮೇಳಿ ಹಿಡಿಯುವ ಹಾಗೆ ಮೊಲೆ ಹಿಡಿದ.

ಎಮ್ಮೆಯ ಚರ್ಮ ಒಮ್ಮೆ ನಡುಗಿತು. ಹಾಲು ಹಿಂದಕ್ಕೆ ಹೋಯಿತು.

ಒಳಗೆ ಕೂಸು ಅಳುತ್ತಿತ್ತು. ರೈತ ಮತ್ತೆ ಎಳೆದ. ಇನ್ನೂ ಜೋರಾಗಿ ಎಳೆದ. ಎಮ್ಮೆ ಪಕ್ಕಕ್ಕೆ ಸರಿಯಿತು, ಚರಿಗೆ ಉರುಳಿತು. ರೈತ ಮೂಲೆಯಲ್ಲಿದ್ದ ಬಾರುಕೋಲು ಎಳೆದುಕೊಂಡು ಬೀಸಿದ. ಕೈ ಎತ್ತಿದಾಗ ಬಳೆಗಳು ಸದ್ದು ಮಾಡಿದವು. ಕೈ ಇಳಿದಾಗಲೂ ಸದ್ದು ಮಾಡಿದವು.

ಎಮ್ಮೆಗೆ ಪೆಟ್ಟು ಹೊಸದಲ್ಲ. ಆದರೆ ಆ ಬಳೆಯ ಸದ್ದಿನ ಜೊತೆಗೆ ಪೆಟ್ಟು ಬಿದ್ದದ್ದು ಅದೇ ಮೊದಲು. ಅದು ಹಗ್ಗ ಬಿಗಿಯುವ ತನಕ ಹಿಂದೆ ಸರಿಯಿತು. ಸೀರೆಯನ್ನು ನೋಡುತ್ತ ನಿಂತಿತು.

ಮರುದಿನ ರೈತ ಮತ್ತೆ ಸೀರೆ ಉಟ್ಟು ಹೋದ. ಬಳೆಯ ಸದ್ದು ಕೇಳಿದ ಕೂಡಲೇ ಎಮ್ಮೆ ಬೆದರಿ ಗೋಡೆಗೆ ಒತ್ತಿಕೊಂಡಿತು. ತಾಯಿ ಹೊಸ್ತಿಲಲ್ಲಿ ಕೂತು ಅದನ್ನು ನೋಡಿದಳು.

"ಆಕಿ ಇಟ್ಟು ಹೋಗಿದ್ದು ಅದೊಂದ ಇತ್ತು. ಅದನ್ನೂ ಕಳದಿ" ಎಂದಳು.

ರೈತ ಸೀರೆ ಬಿಚ್ಚಿ ಮಡಿಸಿಟ್ಟ. ಬಳೆಗಳನ್ನು ದಾರದ ಸಮೇತ ಗೂಟಕ್ಕೆ ತೂಗುಹಾಕಿದ. ಮತ್ತೆ ಅವನ್ನು ಮುಟ್ಟಲಿಲ್ಲ.

ಕೂಸಿಗೆ ಅಲ್ಲಿಯವರೆಗೆ ಪಕ್ಕದ ಮನೆಯವಳು ಬಂದು ನೀರು ಎರೆದು ಹೋಗುತ್ತಿದ್ದಳು. ಅವಳ ಮಗಳ ಹೆರಿಗೆ ಹತ್ತಿರ ಬಂದು ಅವಳಿಗೆ ಬಿಡುವಿಲ್ಲದಂತಾಯಿತು. ಹಾಲು ಮಾತ್ರ ಕಳಿಸುತ್ತಿದ್ದಳು. ಕೂಸಿಗೆ ಎರೆಯುವುದು ರೈತನ ಪಾಲಿಗೆ ಬಂತು. ಮೊದಲ ದಿನ ಅವನು ಎತ್ತಿನ ಮೈಮೇಲೆ ಸುರಿದ ಹಾಗೆ ನೀರು ಸುರಿದ. ಕೂಸು ಉಸಿರು ಕಟ್ಟಿ ಆಮೇಲೆ ಚೀರಿತು.

"ಎತ್ತು ತೊಳದಂಗ ತೊಳೀಬ್ಯಾಡೋ. ಅದರ ಎಲುಬು ಇನ್ನೂ ಎಳೇವು" ಎಂದಳು ತಾಯಿ.

ಮೈ ಒರೆಸುವಾಗ ಅವನು ಕೂಸಿನ ಬೆನ್ನು ನೋಡಿದ. ಅಲ್ಲಿ ಕೆಂಪು ಗೀರುಗಳಿದ್ದವು. ಮೊದಲು ಅವು ಏನೆಂದು ತಿಳಿಯಲಿಲ್ಲ. ನೇಗಿಲು ಹಿಡಿದು ದಡ್ಡುಗಟ್ಟಿದ ಅವನ ಅಂಗೈ ತಾಗಿ ಎದ್ದ ಗೀರುಗಳು ಅವು. ಹೊಡೆದಿರಲಿಲ್ಲ, ಗದರಿರಲಿಲ್ಲ, ಬರೀ ಎರೆದಿದ್ದ.

ಅಂದು ಅವನು ಬಾವಿಯ ಕಲ್ಲಿಗೆ ಅಂಗೈ ತಿಕ್ಕಿದ. ಔಡಲ ಎಣ್ಣೆ ಹಚ್ಚಿದ. ದಿನವೂ ಹಚ್ಚಿದ. ದಡ್ಡು ಪೂರ್ತಿ ಹೋಗಲಿಲ್ಲ. ಆದ್ದರಿಂದ ಕೈಯನ್ನು ಹೇಗೆ ಇಟ್ಟರೆ ದಡ್ಡು ತಾಗುವುದಿಲ್ಲವೆಂದು ಕಲಿತ. ಬೆರಳ ತುದಿಯಿಂದ ನೀರು ಹಚ್ಚಲು ಕಲಿತ. ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಲು ಕಲಿತ. ಕೂಸು ಮಾತ್ರ ಅವನ ಕೈಗೆ ಬಂದರೆ ಅಳುತ್ತಿತ್ತು. ಅವನು ಅದಕ್ಕೆ ಸಿಟ್ಟು ಮಾಡಲಿಲ್ಲ. ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದ. ಬರಬರುತ್ತ ಅಳು ಕಡಿಮೆಯಾಯಿತು. ಒಂದು ಮಧ್ಯಾಹ್ನ ಕೂಸು ಅವನ ಹೆಗಲ ಮೇಲೆಯೇ ಬಾಯಿ ತೆರೆದು ನಿದ್ದೆ ಹೋಯಿತು. ಅದರ ಜೊಲ್ಲಿಗೆ ಅವನ ಕತ್ತು ತೊಯ್ದಿತು. ಅವನು ಒರೆಸಿಕೊಳ್ಳಲಿಲ್ಲ.

ಈ ದಿನಗಳಲ್ಲೆಲ್ಲ ಅವನು ಎಮ್ಮೆಯನ್ನು ಕಾಲು ಕಟ್ಟಿಯೇ ಹಿಂಡುತ್ತಿದ್ದ. ಕೆಚ್ಚಲು ಬತ್ತಿಹೋಗದಷ್ಟು, ಒಂದು ಬೊಗಸೆ ಸಿಗುತ್ತಿತ್ತು. ಕೂಸಿಗೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಮನೆಯವಳು ಖಾಲಿ ಚರಿಗೆ ಹಿಡಿದು ಬಂದಳು.

"ನಿನ್ನಿಗೆ ಮುಗೀತು ತಮ್ಮಾ. ನಮ್ಮ ಎಮ್ಮಿ ನಿಂತಬಿಡ್ತು" ಎಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂತು.

ಅಂದು ಕೂಸಿಗೆ ಅಕ್ಕಿಯ ಗಂಜಿ ತಿಳಿ ಕುಡಿಸಿದರು. ಅರ್ಧ ಕುಡಿಯಿತು, ಅರ್ಧ ಉಗುಳಿತು. ಹಸಿದು ಅತ್ತಿತು. ಅತ್ತು ಅತ್ತು ದಣಿದು ರೈತನ ಹೆಗಲ ಮೇಲೆ ನಿದ್ದೆ ಹೋಯಿತು. ಕೆಳಗೆ ಮಲಗಿಸಿದರೆ ಏಳುತ್ತದೆ. ಎದ್ದರೆ ಹಾಲು ಕೇಳುತ್ತದೆ. ಕೊಡಲು ಹಾಲಿಲ್ಲ. ಆದ್ದರಿಂದ ಅವನು ಅದನ್ನು ಕೆಳಗಿಡಲಿಲ್ಲ.

ಹಿತ್ತಲಲ್ಲಿ ಎಮ್ಮೆ ನೀರಡಿಸಿ ಕೂಗಿತು. ಅದು ಮತ್ತೆ ಕೂಗಿದರೆ ಕೂಸು ಎದ್ದುಬಿಡುತ್ತದೆ ಎಂದು ಅವನು ಕೂಸನ್ನು ಎಡಗೈಯಲ್ಲಿ ಒತ್ತಿಹಿಡಿದು, ಬಲಗೈಯಲ್ಲಿ ನೀರಿನ ಬಕೆಟ್ ಹಿಡಿದು ಹೊರಗೆ ಬಂದ. ಬಾರುಕೋಲಿಗೆ ಕೈ ಉಳಿದಿರಲಿಲ್ಲ. ಚರಿಗೆಗೂ ಉಳಿದಿರಲಿಲ್ಲ. ಹಾಲಿನ ವಿಚಾರ ಆಗ ಅವನ ಮನಸ್ಸಿನಲ್ಲೇ ಇರಲಿಲ್ಲ.

ಎಮ್ಮೆ ನೀರು ಕುಡಿಯಿತು. ಅದರ ಬೆನ್ನ ಮೇಲೆ ಸೆಗಣಿ ಒಣಗಿ ನೊಣ ಮುತ್ತಿದ್ದವು. ಅವನು ಉಳಿದ ನೀರಲ್ಲಿ ಕೈ ಅದ್ದಿ ಬೆನ್ನ ಮೇಲೆ ಇಟ್ಟ. ಮೈ ಅಲುಗಿಸಿದರೆ ಕೂಸು ಏಳುತ್ತದೆ. ಹಾಗಾಗಿ ಕೈ ಮಾತ್ರ ಅಲುಗಿತು. ಸೆಗಣಿ ನೆನೆಯುವ ತನಕ ಕಾದು ಬೆರಳ ತುದಿಯಿಂದ ಬಿಡಿಸಿದ. ಪಕ್ಕಕ್ಕೆ ಸರಿ ಎಂದು ಕೂಗುವಂತಿರಲಿಲ್ಲ. ಅಂಗೈಯನ್ನು ಅದರ ಪಕ್ಕೆಗೆ ಆನಿಸಿ, ಅದು ತಾನಾಗಿ ಸರಿಯುವ ತನಕ ನಿಂತ. ಅದು ಸರಿಯಿತು. ಬೆನ್ನು ತೊಳೆದಾದ ಮೇಲೆ ಕೈ ಹೊಟ್ಟೆಗೆ ಇಳಿಯಿತು.

ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿತು. ಕತ್ತು ತಿರುಗಿಸಿ ಮೂಸಿತು. ಅಲ್ಲಿ ಸೀರೆ ಇರಲಿಲ್ಲ, ಬಳೆ ಇರಲಿಲ್ಲ. ಬೆವೆತ ಗಂಡಸಿನ ಮೈ, ಔಡಲ ಎಣ್ಣೆ, ನಿದ್ದೆ ಹೋದ ಕೂಸು. ಎಮ್ಮೆ ಮತ್ತೆ ಮುಂದಕ್ಕೆ ತಿರುಗಿ ಮೆಲುಕು ಹಾಕಿತು.

ನೆಲದ ಮೇಲೆ ಏನೋ ಹನಿಯುವ ಸದ್ದಾಯಿತು. ಬಕೆಟ್ ಸೋರುತ್ತಿದೆ ಎಂದುಕೊಂಡು ರೈತ ಬಗ್ಗಿ ನೋಡಿದ. ಧೂಳಿನ ಮೇಲೆ ಹಾಲು ಬೀಳುತ್ತಿತ್ತು.

ಓಡಿಹೋಗಿ ಚರಿಗೆ ತರಬೇಕೆಂದು ಅವನ ಕಾಲು ಎದ್ದಿತು. ಓಡಿದರೆ ಕೂಸು ಏಳುತ್ತದೆ. ಕೈ ತೆಗೆದರೆ ಎಮ್ಮೆ ಬೆದರುತ್ತದೆ. ಅವನು ಕಾಲನ್ನು ಹಿಂದಕ್ಕೆ ಇಟ್ಟ. ಕೈ ಇದ್ದಲ್ಲೇ ಇತ್ತು. ಹಾಲು ಮಣ್ಣಿಗೆ ಬೀಳುತ್ತಲೇ ಇತ್ತು.

ತಾಯಿ ಹೊಸ್ತಿಲಿಂದ ನೋಡಿದಳು.

"ಅಯ್ಯ ಶಿವನ! ಹಾಲು ಮಣ್ಣುಪಾಲು ಆಗಾಕತ್ತೇತಲ್ಲೋ! ಚರಿಗಿ ತರಲೇನು?"

"ಸಾವಕಾಶ ತಾ ಅವ್ವಾ" ಎಂದ ಅವನು, ಪಿಸುಮಾತಿನಲ್ಲಿ.

ಮುದುಕಿ ಎರಡೂ ಮುಂಗೈಗಳ ನಡುವೆ ಚರಿಗೆಯನ್ನು ಒತ್ತಿ ಹಿಡಿದು ನಿಧಾನವಾಗಿ ನಡೆದು ಬಂದಳು. ಅವಳು ಬರುವ ಹೊತ್ತಿಗೆ ಎಷ್ಟೋ ಹಾಲು ನೆಲಕ್ಕೆ ಹೋಗಿತ್ತು. ಅವಳು ಕೆಳಗೆ ಕೂತು ಚರಿಗೆ ಹಿಡಿದಳು. ಅವನು ಹೆಗಲ ಮೇಲೆ ಕೂಸನ್ನು ಇಟ್ಟುಕೊಂಡೇ ಬಗ್ಗಿ ಒಂದು ಕೈಯಿಂದ ಹಿಂಡಿದ. ಬೇಗ ಹಿಂಡಲು ಬರುತ್ತಿರಲಿಲ್ಲ. ಎಮ್ಮೆ ಕಾಲು ಅಗಲ ಮಾಡಿ ನಿಂತುಕೊಂಡಿತು. ಚರಿಗೆಯ ತಳಕ್ಕೆ ಹಾಲು ಬಡಿಯುವ ಸದ್ದು ಬರಬರುತ್ತ ದಪ್ಪವಾಯಿತು.

ಆ ಸದ್ದಿಗೆ ಕೂಸು ಎದ್ದಿತು. ಅಳಲಿಲ್ಲ. ತಂದೆಯ ಕಿವಿ ಹಿಡಿದುಕೊಂಡು ಎಮ್ಮೆಯನ್ನು ನೋಡಿತು. ಅಂದು ಅದು ಹೊಟ್ಟೆ ತುಂಬ ಹಾಲು ಕುಡಿಯಿತು. ಅಂದಿನಿಂದ ಎಮ್ಮೆ ಬತ್ತುವ ತನಕ ದಿನವೂ ಕುಡಿಯಿತು.

ಇಷ್ಟು ಹೇಳಿ ಅಜ್ಜಾರು ನಿಲ್ಲಿಸಿದರು. ಕೂತಿದ್ದವರಲ್ಲಿ ಒಂದಿಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಗುರುಪಾದಯ್ಯನ ಮುಖ ಅರಳಿತು. ಅವನು ನಿಘಂಟಿನ ಮೇಲೆ ಕೈ ತಟ್ಟಿದ.

"ಅಂತೂ ಕಡೀಕ ಎಮ್ಮಿ ಕೈಗೆ ಪಳಗಿತಲ್ರಿ ಅಜ್ಜಾರ! ನಾನೂ ಅದನ್ನ ಅಂದದ್ದು. ನನ್ನ ಹುಡುಗರಿಗೂ ಇನ್ನೊಂದಿಷ್ಟು ದಿನ ಬೇಕು, ಅಷ್ಟ."

ಅಜ್ಜಾರು ಅವನನ್ನು ನೋಡಿದರು.

"ಎಮ್ಮಿ ಮೊದಲಿಂದ ಪಳಗಿದ್ದ ಇತ್ತಲ್ಲಪಾ."

ಗುರುಪಾದಯ್ಯನ ಕೈ ನಿಘಂಟಿನ ಮೇಲೆಯೇ ನಿಂತಿತು. ಆಮೇಲೆ ಏನಾಯಿತು ಎಂದು ನಾವು ಮಕ್ಕಳು ಎಷ್ಟು ಸಲ ಕೇಳಿದರೂ ಅವ್ವ ಒಂದೇ ಉತ್ತರ ಕೊಡುತ್ತಿದ್ದಳು. "ಏನೂ ಆಗಲಿಲ್ಲ. ಸುಮ್ಮನ ಎದ್ದು ಮನಿಗೆ ಬಂದಿವಿ."

ವಿನುತಾ ಬಂದಿದ್ದಾಳೆ. ನನ್ನ ಬೆನ್ನ ಹಿಂದೆ ನಿಂತು ಇದನ್ನೆಲ್ಲ ಓದಿ, ಪದವನ್ನೂ ಹುಡುಕಿದ್ದಾಳೆ.

"ಮ್ಯಾನ್ಸ್ವಿಟ್ಯೂಡ್, ಅಜ್ಜಿ."

"ಹ್ಞಾ, ಅದ. ಮ್ಯಾಲೆ ಜಾಗ ಬಿಟ್ಟೇನಿ ನೋಡು. ನೀನ ಬರಿ ಮಗಳ, ಸಾವಕಾಶ ಬರಿ."